ಧರೆಯಿಲ್ಲದ ಮನೆ

ಕಳೆದ ಚಳಿಗಾಲದಲ್ಲಿ ಆರು ವಾರಗಳ ಕಾಲ ನಾನು ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದಲ್ಲಿ, ನನ್ನ ತಂಗಿಯ ಮಗನ ಅಪಾರ್ಟ್‌ಮೆಂಟಿನಲ್ಲಿ ಇದ್ದೆನು. ಊರಿನಿಂದ ಒಯ್ದಿದ್ದ ಶೃಂಗೇರಿ ಶಾರದೆಯ ಪಟವನ್ನು ತೂಗುಹಾಕಲೆಂದು ನಡುಮನೆಯ ಗೋಡೆಗೆ ಮೊಳೆಯನ್ನಿಟ್ಟು ಸುತ್ತಿಗೆಯಿಂದ ಒಂದೇ ಪೆಟ್ಟು ಕೊಟ್ಟೊಡನೆ, ನಮ್ಮ ಕಡೆಯ ಕಲ್ಲುಗೋಡೆಗಳ ಮೊಂಡುತನಕ್ಕೆ ಒಗ್ಗಿದ ನನ್ನ ಕೈ ಬೆಚ್ಚುವಂತೆ, ಮೊಳೆಯು ತಲೆಯವರೆಗೂ ಒಳಸರಿಯಿತು. ಎಳೆದು ತೆಗೆದರೆ ಅಂಗೈಗೆ ಬಿಳಿಯ ಪುಡಿ ಉದುರಿತು. ಅಲ್ಲಿ ಗೋಡೆಯೆಂದರೆ ಹದಿನಾರು ಅಂಗುಲಕ್ಕೊಂದರಂತೆ ನಿಲ್ಲಿಸಿದ ಮರದ ಪಟ್ಟಿಗಳು, ಅವುಗಳ ಎರಡು ಮಗ್ಗುಲಿಗೂ ಅರ್ಧ ಅಂಗುಲ ದಪ್ಪದ, ಕಾಗದ ಹೊದಿಸಿದ ಜಿಪ್ಸಮ್ ಹಲಗೆ, ನಡುವೆ ಬರಿಯ ಗಾಳಿ ಅಥವಾ ಗಾಜಿನ ನೂಲಿನ ಹಾಸು. ಎರಡು ಸಂಸಾರಗಳನ್ನು ಬೇರ್ಪಡಿಸುವ ಗೋಡೆಯಲ್ಲಿ ಹಲಗೆ ಸಾಮಾನ್ಯವಾಗಿ ತುಸು ದಪ್ಪವಾಗಿರುವುದುಂಟು. ಆದರೆ ಆ ದಪ್ಪವನ್ನು ಕಟ್ಟಡದ ನಿಯಮಗಳು ವಿಧಿಸಿರುವುದು ಬೆಂಕಿಯನ್ನು ಕೆಲಹೊತ್ತು ತಡೆಯುವುದಕ್ಕಾಗಿ. ರಾತ್ರಿ ಆ ಗೋಡೆಯ ಆಚೆಯಿಂದ ಪಕ್ಕದ ಮನೆಯ ಮಗುವೊಂದು ಕೆಮ್ಮುವುದು ನನ್ನ ಹಾಸಿಗೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಗೋಡೆಯ ಪ್ರಸ್ತಾಪವನ್ನು ಇಷ್ಟು ವಿಸ್ತಾರವಾಗಿ ಮಾಡಲು ಕಾರಣ, ಅದೇ ವಾರ ಸೋದರಳಿಯನು ಊಟದ ಮೇಜಿನ ಮೇಲೆ ತಂದಿಟ್ಟ, ತೋಟಾ ತುಂಬಿದ ಎರಡು ರಟ್ಟಿನ ಡಬ್ಬಿಗಳು. ಎಚ್‌-1ಬಿ ವೀಸಾದ ಮೇಲಿರುವವರಿಗೆ ಬಂದೂಕು ಕೊಳ್ಳಲು ಅಲ್ಲಿನ ಕಾನೂನು ಸಾಮಾನ್ಯವಾಗಿ ಅವಕಾಶ ಕೊಡುವುದಿಲ್ಲ. ಗ್ರೀನ್ ಕಾರ್ಡ್ ದೊರೆತ ಬಳಿಕ ಆ ತಡೆ ಕಳೆಯುತ್ತದೆ. ಮನೆಯೊಳಗೆ ಆತ್ಮರಕ್ಷಣೆಗಾಗಿ ಕೈಬಂದೂಕನ್ನಿಟ್ಟುಕೊಳ್ಳುವುದು ಪ್ರಜೆಯ ಹಕ್ಕೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ, ಹೆಲ್ಲರ್ ಪ್ರಕರಣದಲ್ಲಿ ತೀರ್ಪಿತ್ತಿದೆ. ನಮ್ಮ ಹುಡುಗನೂ ಪರವಾನಗಿ ಪಡೆದು ಒಂದು 9 ಎಂಎಂ ಪಿಸ್ತೂಲನ್ನು ಕೊಂಡಿದ್ದನು. ಅದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ನಾನು ಎತ್ತುವುದಿಲ್ಲ. ಹಲವು ಕನ್ನಡಿಗ ಸಂಸಾರಗಳು ಈ ನಿರ್ಧಾರವನ್ನು ಈಗಾಗಲೇ ಮಾಡಿರಬಹುದು, ಮಾಡಿದ ಮೇಲೆ ಏಳುವ ಪ್ರಶ್ನೆಯೇ ನನ್ನ ವಿಷಯ. "ಮಾವ, ನೀವು ಊರಲ್ಲಿ ಕೋವಿ ಹಿಡಿದವರು. ಅಪಾರ್ಟ್‌ಮೆಂಟಿಗೆ ಇದರಲ್ಲಿ ಯಾವ ಗುಂಡು ಸರಿ, ಹೇಳಿ" ಎಂದು ಅವನು ಎರಡು ತೋಟಾಗಳನ್ನು ನನ್ನ ಮುಂದೆ ನಿಲ್ಲಿಸಿದನು.

ಒಂದರ ಮೂತಿ ದುಂಡಗೆ, ತಾಮ್ರದ ಕವಚದಿಂದ ಪೂರ್ತಿ ಮುಚ್ಚಿದ್ದು. ಇನ್ನೊಂದರ ಮೂತಿಯಲ್ಲಿ ಒಂದು ಪುಟ್ಟ ಕುಳಿ. ಹಾಲೋ ಪಾಯಿಂಟ್ ಎನ್ನುವುದು ಇದನ್ನೇ. ದೇಹದೊಳಗೆ ಹೊಕ್ಕಾಗ ಅಲ್ಲಿನ ದ್ರವವು ಆ ಕುಳಿಯನ್ನು ಒತ್ತಿ, ಗುಂಡು ಹೂವಿನಂತೆ ಅರಳಿ, ವೇಗ ಕಳೆದುಕೊಂಡು ಒಳಗೇ ನಿಲ್ಲುವಂತೆ ಅದನ್ನು ರಚಿಸಿರುತ್ತಾರೆ. ಅರಳುವ ಗುಂಡಿನ ಪೂರ್ವಜರಲ್ಲೊಂದು ನಮ್ಮ ನೆಲದಲ್ಲಿಯೇ, ಕಲ್ಕತ್ತೆಯ ಬಳಿಯ ಡಮ್‌ಡಮ್ ಶಸ್ತ್ರಾಗಾರದಲ್ಲಿ ತಯಾರಾಯಿತು; ಅದರ ಕ್ರೌರ್ಯದ ಕೀರ್ತಿಯಿಂದಾಗಿ 1899ರ ಹೇಗ್ ಘೋಷಣೆಯು ಅಂತಹ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಯುದ್ಧಭೂಮಿಯಲ್ಲಿ ನಿಷಿದ್ಧವಾದುದನ್ನು ನ್ಯೂಯಾರ್ಕಿನ ಪೊಲೀಸರು 1998ರ ಸುಮಾರಿಗೆ ತಾವಾಗಿಯೇ ಆರಿಸಿಕೊಂಡರು. ಕಾರಣವೂ ಕರುಣೆಯದೇ: ದುಂಡುಮೂತಿಯ ಗುಂಡು ಗುರಿಯ ದೇಹವನ್ನು ಸೀಳಿ ಆಚೆ ಬಂದು ದಾರಿಹೋಕರನ್ನು ತಾಗುತ್ತಿತ್ತು.

ಹಾಗಾದರೆ ಕುಳಿಯುಳ್ಳ ಗುಂಡನ್ನೇ ಕೊಂಡು ನಿಶ್ಚಿಂತೆಯಾಗಿರಬಹುದಲ್ಲ ಎಂದು ತೋರುವುದು ಸಹಜ. ಆ ನಿಶ್ಚಿಂತೆಗೆ ಆಧಾರವಿಲ್ಲವೆಂಬುದನ್ನು ಅರಿಯಲು 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ನಡೆದುದನ್ನು ನೆನೆಯಬೇಕು. ಅಂದು ಎಫ್‌ಬಿಐಯ ಎಂಟು ಮಂದಿ ಇಬ್ಬರು ಬ್ಯಾಂಕ್ ದರೋಡೆಕೋರರನ್ನು ಅಡ್ಡಗಟ್ಟಿದಾಗ, ದರೋಡೆಕೋರರಲ್ಲಿ ಒಬ್ಬನಾದ ಪ್ಲ್ಯಾಟ್‌ನಿಗೆ ಮೊದಲಲ್ಲೇ ತಾಗಿದ ಅರಳುವ 9 ಎಂಎಂ ಗುಂಡು, ತೋಳನ್ನು ಹಾದು ಎದೆಯನ್ನು ಹೊಕ್ಕು, ಹೃದಯಕ್ಕೆ ಸುಮಾರು ಒಂದು ಅಂಗುಲ ಇರುವಂತೆಯೇ ನಿಂತುಬಿಟ್ಟಿತು. ಆ ಮಾರಣಾಂತಿಕ ಗಾಯವನ್ನು ಹೊತ್ತುಕೊಂಡೇ ಅವನು ಹೋರಾಡಿ ಇಬ್ಬರು ಅಧಿಕಾರಿಗಳನ್ನು ಕೊಂದನು, ಇನ್ನೈವರು ಗಾಯಗೊಂಡರು. ಈ ದುರಂತದ ಪರಿಶೀಲನೆಯಿಂದ ಹುಟ್ಟಿದ ಎಫ್‌ಬಿಐ ಪರೀಕ್ಷೆಯು, ಮಾಂಸಕ್ಕೆ ಬದಲಾಗಿ ಹತ್ತು ಪ್ರತಿಶತ ಜೆಲಟಿನ್ನಿನ ಮುದ್ದೆಯನ್ನಿಟ್ಟು, ಬರಿದಾಗಿಯೂ, ದಪ್ಪ ಬಟ್ಟೆ, ಜಿಪ್ಸಮ್ ಹಲಗೆ, ಪ್ಲೈವುಡ್, ಉಕ್ಕಿನ ತಗಡು, ಕಾರಿನ ಗಾಜು ಇವುಗಳ ಮೂಲಕವೂ ಗುಂಡನ್ನು ಹಾಯಿಸಿ, ಅದು 12ರಿಂದ 18 ಅಂಗುಲದಷ್ಟು ಆಳಕ್ಕೆ ಇಳಿಯಬೇಕೆಂದು ಅಪೇಕ್ಷಿಸುತ್ತದೆ. ಎದೆಗೂಡಿನ ಆಳ ಅಷ್ಟಿಲ್ಲವಲ್ಲ ಎನ್ನಬಹುದು. ಎದುರಾಳಿಯು ಓರೆಯಾಗಿ, ತೋಳನ್ನು ಅಡ್ಡವಿಟ್ಟು ನಿಂತಿರಬಹುದು ಎಂಬುದೇ ಉತ್ತರ. ಇಂದು ಒಳ್ಳೆಯ ಅಂಗಡಿಯವನು ಮನೆಯ ರಕ್ಷಣೆಗೆಂದು ಸೂಚಿಸುವ ಗುಂಡುಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾದವು.

ಈಗ ನನ್ನ ಅಂಗೈಯ ಬಿಳಿಯ ಪುಡಿಗೆ ಹಿಂದಿರುಗುತ್ತೇನೆ. ಹನ್ನೆರಡು ಅಂಗುಲ ಮಾಂಸವನ್ನು ಸೀಳಿ ಇಳಿಯುವಂತೆ ರಚಿಸಿದ ವಸ್ತುವನ್ನು ಬೆರಳಿನ ದಪ್ಪದ ಪುಡಿಹಲಗೆ ಹೇಗೆ ತಾನೇ ತಡೆದೀತು? ಅಷ್ಟೇ ಅಲ್ಲ, ಹಾಲೋ ಪಾಯಿಂಟ್ ಗುಂಡು ಗೋಡೆಗೆ ಬಡಿದಾಗ ಆ ಜಿಪ್ಸಮ್ ಪುಡಿಯೇ ಅದರ ಕುಳಿಯೊಳಗೆ ಗಿಡಿದು ತುಂಬಿ, ಅರಳುವ ಗುಣವನ್ನು ಕುಂದಿಸಿ, ಅದನ್ನು ದುಂಡುಮೂತಿಯ ಗುಂಡಿನಂತೆಯೇ ಮುಂದಕ್ಕೆ ಕಳುಹಿಸುವ ಸಂಭವವಿದೆ. ದೇಹಕ್ಕೆ ತಾಗಿದ ಗುಂಡು ದೇಹದಲ್ಲಿ ನಿಲ್ಲಬಹುದು, ಗುರಿತಪ್ಪಿದ ಗುಂಡು ಪಕ್ಕದ ಮನೆಯನ್ನು ಸೇರುತ್ತದೆ. ಇದಕ್ಕೆ ಪರಿಹಾರವೆಂದು ಮಾರುವ ಬಗೆಗಳೂ ಉಂಟು. ತಾಮ್ರದ ಪುಡಿಯನ್ನು ಒತ್ತಿ ಮಾಡಿದ, ಉಕ್ಕಿನ ಫಲಕಕ್ಕೆ ಬಡಿದರೆ ಧೂಳಾಗುವ ಗುಂಡಿದೆ. ಅದು ಅಭ್ಯಾಸದ ಅಂಕಣಕ್ಕಾಗಿ ಹುಟ್ಟಿದ್ದು, ಅದನ್ನು ಧೂಳಾಗಿಸುವಷ್ಟು ಕಾಠಿಣ್ಯ ಜಿಪ್ಸಮ್ಮಿಗಿಲ್ಲ. ಕವಚದೊಳಗೆ ಸಣ್ಣ ಚರೆಗಳನ್ನು ತುಂಬಿದ ಗ್ಲೇಸರ್ ಗುಂಡು 1970ರ ದಶಕದಲ್ಲಿ ಬಂದಿತು. ಮಾಂಸದಲ್ಲಿ ಅದು ಹನ್ನೆರಡು ಅಂಗುಲದ ಹತ್ತಿರಕ್ಕೂ ಇಳಿಯುವುದಿಲ್ಲ, ಹಲಗೆಯನ್ನು ಮಾತ್ರ ದಾಟಬಲ್ಲದು. ಆಕ್ರಮಣಕಾರನನ್ನು ತಡೆಯಬಲ್ಲ, ನೆರೆಯವರನ್ನೂ ಉಳಿಸಬಲ್ಲ ಗುಂಡು ಎಂಬುದೊಂದಿಲ್ಲ. ಇದೆಯೆಂದು ನಂಬಿಸಿ ಮಾರುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ, ಏಕೆಂದರೆ ಆ ನಂಬಿಕೆಯ ಬೆಲೆಯನ್ನು ತೆರುವವನು ಕೊಂಡವನಲ್ಲ.

ಕೆಂಟಕಿಯ ಲೂಯಿವಿಲ್‌ನಲ್ಲಿ 2020ರ ಮಾರ್ಚ್ 13ರ ನಡುರಾತ್ರಿಯ ಬಳಿಕ ಬ್ರಿಯೋನಾ ಟೇಲರ್ ಎಂಬ ತರುಣಿಯ ಅಪಾರ್ಟ್‌ಮೆಂಟಿನ ಬಾಗಿಲನ್ನು ಪೊಲೀಸರು ಒಡೆದುದೂ, ಕಳ್ಳರೆಂದು ಬಗೆದ ಅವಳ ಗೆಳೆಯನು ಪರವಾನಗಿಯುಳ್ಳ ತನ್ನ ಪಿಸ್ತೂಲಿನಿಂದ ಒಂದು ಗುಂಡು ಹಾರಿಸಿದುದೂ, ಪೊಲೀಸರು ಉತ್ತರವಾಗಿ 32 ಗುಂಡುಗಳನ್ನು ಹಾರಿಸಿ ಇಪ್ಪತ್ತಾರರ ಆಕೆ ಸತ್ತುದೂ ಜಗತ್ತಿಗೆ ತಿಳಿದಿದೆ. ಅಂದು ಹೊರಗಿನಿಂದ ಹಾರಿಸಿದ ಕೆಲವು ಗುಂಡುಗಳು ಅವಳ ಮನೆಯನ್ನೇ ಹಾದು ಪಕ್ಕದ ಮನೆಯ ಗೋಡೆಯನ್ನು ತೂರಿದುದನ್ನೂ, ಆ ಮನೆಯಲ್ಲಿ ಒಬ್ಬ ಗರ್ಭಿಣಿ, ಅವಳ ಸಂಗಾತಿ, ಐದು ವರ್ಷದ ಮಗು ಇದ್ದುದನ್ನೂ ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಅವರು ಬದುಕಿದ್ದು ದೈವವಶಾತ್. ಆ ಗುಂಡುಗಳನ್ನು ಹಾರಿಸಿದ ಅಧಿಕಾರಿಯು 2024ರಲ್ಲಿ ಟೇಲರಳ ಹಕ್ಕಿಗೆ ಚ್ಯುತಿ ತಂದ ಅಪರಾಧಕ್ಕೆ ತಪ್ಪಿತಸ್ಥನೆಂದು ನಿರ್ಣಯವಾಯಿತು. ಪಕ್ಕದ ಮನೆಯವರಿಗೆ ಸಂಬಂಧಿಸಿದ ಆರೋಪಗಳಿಂದ ಮಾತ್ರ 2022ರಲ್ಲಿಯೂ 2024ರಲ್ಲಿಯೂ ಖುಲಾಸೆಯಾದನು. ಗೋಡೆಯಾಚೆಯ ಆ ಸಂಸಾರದ ಪರವಾಗಿ ಯಾವ ನ್ಯಾಯಮಂಡಳಿಯೂ ದೋಷನಿರ್ಣಯವನ್ನು ಕೊಡಲಿಲ್ಲ. ತರಬೇತಿಯೇ ವೃತ್ತಿಯಾದವರ ಕೈಯಲ್ಲಿ ಹೀಗಾದರೆ, ನಿದ್ದೆಗಣ್ಣಿನಲ್ಲಿ ಎದ್ದು ಕುಳಿತ ಸಾಫ್ಟ್‌ವೇರ್ ಎಂಜಿನಿಯರನ ನಡುಗುವ ಕೈಯಿಂದ ಏನನ್ನು ನಿರೀಕ್ಷಿಸೋಣ?

ನಾನು ಸೋದರಳಿಯನಿಗೆ ಹೇಳಿದ್ದಿಷ್ಟು. ಪರೀಕ್ಷೆಯಲ್ಲಿ ನಿಂತ ಹಾಲೋ ಪಾಯಿಂಟನ್ನೇ ಇಟ್ಟುಕೋ. ದುಂಡುಮೂತಿಯದನ್ನು ಅಭ್ಯಾಸಕ್ಕೆ ಬಿಡು. ಗುಂಡಿನ ತೂಕ 124 ಗ್ರೇನೋ 147 ಗ್ರೇನೋ ಎಂಬ ವಾದದಲ್ಲಿ ರಾತ್ರಿಗಳನ್ನು ಕಳೆಯಬೇಡ. ನಿನ್ನ ಪಿಸ್ತೂಲು ಅದನ್ನು ಸಿಕ್ಕಿಹಾಕಿಕೊಳ್ಳದೆ ನುಂಗುವುದೇ ಎಂದು ಅಂಕಣದಲ್ಲಿ ಹಾರಿಸಿ ನೋಡು. ಒಂದೇ ತೋಟಾವನ್ನು ಮತ್ತೆ ಮತ್ತೆ ತುಂಬಿ ತೆಗೆಯುತ್ತಿದ್ದರೆ ಗುಂಡು ಒಳಕ್ಕೆ ಜರುಗಿ ಒತ್ತಡ ಏರುತ್ತದೆ, ಅದರ ಮೇಲೆ ಕಣ್ಣಿರಲಿ. ನ್ಯೂಜೆರ್ಸಿಯಲ್ಲಿ ಈ ಬಗೆಯ ಗುಂಡನ್ನು ಮನೆಯಲ್ಲಿಡಬಹುದಾದರೂ ಹೊರಗೆ ಒಯ್ಯುವುದಕ್ಕೆ ಬಿಗಿಯಾದ ನಿರ್ಬಂಧವಿದೆ, ಕಾರಿನಲ್ಲಿ ಮರೆತುಬಿಡಬೇಡ. ಇದಿಷ್ಟಕ್ಕೂ ಒಂದು ಗಂಟೆ ಸಾಕಾಯಿತು.

ಉಳಿದುದಕ್ಕೆ ಬಹಳ ಹೊತ್ತು ಹಿಡಿಯಿತು. ಮಲೆನಾಡಿನಲ್ಲಿ ಗದ್ದೆಗಿಳಿಯುವ ಕಾಡುಹಂದಿಯನ್ನು ಕಾಯುತ್ತಿದ್ದ ನಮ್ಮ ಹಿರಿಯರು, ಹುಡುಗನಾದ ನನ್ನ ಕೈಗೆ ಕೋವಿ ಕೊಡುವುದಕ್ಕೆ ಮೊದಲು ಕಲಿಸಿದ್ದು ಹಂದಿಯ ಹಿಂದೆ ಏನಿದೆಯೆಂದು ನೋಡುವುದನ್ನು: ಹಿಂದೆ ಮಣ್ಣಿನ ಧರೆಯಿದ್ದರೆ ಈಡು ಹಾರಿಸಬಹುದು, ಬಯಲಿದ್ದರೆ ಕೋವಿ ಇಳಿಸಬೇಕು, ಬಯಲಿನಾಚೆ ಯಾರದೋ ಅಂಗಳವಿರುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಧರೆಯೇ ಇಲ್ಲ. ನಾಲ್ಕು ದಿಕ್ಕಿಗೂ ಮೇಲಕ್ಕೂ ಕೆಳಕ್ಕೂ ಅಂಗಳಗಳೇ. ಆದ್ದರಿಂದ ಒಳ್ಳೆಯ ಬೀಗ, ಹಾಸಿಗೆಯ ಬಳಿ ದೀಪ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು 911ಕ್ಕೆ ಕರೆ ಮಾಡುವ ಅಭ್ಯಾಸ, ಇವು ಮೊದಲು; ಗುಂಡು ಕಟ್ಟಕಡೆಗೆ. ಡಲ್ಲಾಸಿನಲ್ಲಿ 2018ರ ಸೆಪ್ಟೆಂಬರಿನಲ್ಲಿ ಪೊಲೀಸ್ ಉದ್ಯೋಗಿಯೊಬ್ಬಳು ಕೆಲಸ ಮುಗಿಸಿ ಬಂದು, ಅಂತಸ್ತು ತಪ್ಪಿ, ಬೋಥಮ್ ಜೀನ್ ಎಂಬವನ ಮನೆಯನ್ನು ತನ್ನದೆಂದು ಹೊಕ್ಕು, ಅವನನ್ನೇ ಕಳ್ಳನೆಂದು ಭಾವಿಸಿ ಕೊಂದಳು. ಎಲ್ಲ ಅಂತಸ್ತುಗಳೂ ಎಲ್ಲ ಬಾಗಿಲುಗಳೂ ಒಂದೇ ರೂಪವಾಗಿರುವಲ್ಲಿ, ಕತ್ತಲಲ್ಲಿ ನಿಂತಿರುವವನು ಯಾರೆಂದು ದೀಪ ಹಾಕಿ, ಕೂಗಿ ಕೇಳುವುದಕ್ಕಿಂತ ಮೊದಲು ಕುದುರೆ ಎಳೆಯುವ ಅಧಿಕಾರವನ್ನು ಯಾವ ಭಯವೂ ಕೊಡಲಾರದು.

ಆ ರಾತ್ರಿ ಹುಡುಗನು ಕಾಗದದ ಮೇಲೆ ಮನೆಯ ನಕಾಶೆಯನ್ನು ಬರೆದು, ಮಲಗುವ ಕೋಣೆಯ ಮೂಲೆಯಿಂದ ಬಾಗಿಲಿನ ಕಡೆಗೆ ಒಂದು ಗೆರೆ ಎಳೆದು, ಅದು ಯಾವ ಯಾವ ಗೋಡೆಗಳನ್ನು ಹಾಯುತ್ತದೆಂದು ಗುರುತು ಹಾಕುತ್ತ ಹೋದನು. ಬಚ್ಚಲುಮನೆ, ಮೊಗಸಾಲೆ ಎಂದು ಬರೆದಾಯಿತು. ಕಡೆಯ ಗೋಡೆಯ ಆಚೆಗೆ ಬರೆಯಲು ಹೋದಾಗ ಪೆನ್ಸಿಲು ನಿಂತಿತು. ಮೂರು ವರ್ಷ ಅಲ್ಲಿದ್ದೂ, ಆ ಕೆಮ್ಮುವ ಮಗು ಮಲಗುವುದು ಯಾವ ಮಗ್ಗುಲಿಗೆಂದು ಅವನಿಗೆ ತಿಳಿಯದು. ಮರುದಿನ ಸಂಜೆ ಊರಿನಿಂದ ತಂದಿದ್ದ ಚಕ್ಕುಲಿಯನ್ನು ಒಂದು ಡಬ್ಬಿಗೆ ಹಾಕಿಕೊಂಡು ಹೋಗಿ ಪಕ್ಕದ ಮನೆಯ ಕರೆಗಂಟೆಯನ್ನು ಒತ್ತಿದನು.