ಗಡಿ ದಾಟುವ ಸಹಕಾರ: ಕೋಳಿ ಸಾಕುವ ರೈತರಲ್ಲಿ ವಿನಂತಿ

ಜತ್ತ ಹಾಗೂ ಅಕ್ಕಲಕೋಟೆ ತಾಲೂಕುಗಳ ಕನ್ನಡ ಬಾಂಧವರೆ,

೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಹಳ್ಳಿಗಳು ಕನ್ನಡನಾಡಿನ ಹೊರಗುಳಿದು, ೧೯೬೦ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. ೧೯೬೭ರ ಮಹಾಜನ ವರದಿಯು ಇಂದಿಗೂ ಕಾರ್ಯರೂಪಕ್ಕೆ ಬಂದಿಲ್ಲ. ಗಡಿಯ ಪ್ರಶ್ನೆ ಬಗೆಹರಿಯುವ ತನಕ ಹೊಟ್ಟೆಯ ಪ್ರಶ್ನೆ ಕಾದು ಕುಳಿತೀತೆ? ಎರಡನ್ನೂ ಒಂದೇ ಹಾದಿಯಲ್ಲಿ ಹಿಡಿದು ಸಾಗುವ ಉಪಾಯವೊಂದಿದೆ. ಅದೇ ಸಹಕಾರ.

ಮಳೆಯನ್ನು ನಂಬಿದ ಈ ಬರದ ಸೀಮೆಯಲ್ಲಿ ಬ್ರಾಯ್ಲರ್ ಕೋಳಿಯ ಸಾಕಣೆಯು ರೈತನಿಗೆ ಒಳ್ಳೆಯ ಉಪಕಸುಬು. ಮರಿ ಬಿಟ್ಟ ಆರು ವಾರಗಳಲ್ಲಿ ಕೋಳಿಯು ಎರಡು ಕಿಲೋ ತೂಗುತ್ತದೆ. ಆದರೆ ಇಂದು ಈ ಕಸುಬು ನಡೆಯುತ್ತಿರುವುದು ಬಹುಮಟ್ಟಿಗೆ ಕಂಪನಿಗಳ ಕರಾರಿನ ಮೇಲೆ. ಮರಿ, ಆಹಾರ, ಔಷಧ ಕಂಪನಿಯವು. ಶೆಡ್ಡು, ನೀರು, ವಿದ್ಯುತ್ತು, ದುಡಿಮೆ ರೈತನವು. ರೈತನಿಗೆ ದೊರೆಯುವುದು ಕಿಲೋ ಲೆಕ್ಕದ ಸಾಕಣೆ ಕೂಲಿ ಮಾತ್ರ. ಮುಂದಿನ ತಂಡದ ಮರಿಗಳು ತಡವಾದರೆ ಶೆಡ್ಡು ಬರಿದಾಗಿರುತ್ತದೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ತಾನು ಓದಲಾರದ ಭಾಷೆಯ ಕರಾರಿಗೆ ಹೆಬ್ಬೆಟ್ಟೊತ್ತಿದವನು ಯಾರಲ್ಲಿ ನ್ಯಾಯ ಕೇಳಬೇಕು?

ಕರಾರಿನಲ್ಲಿ ಗುಣವೇ ಇಲ್ಲವೆಂದರೆ ಅನ್ಯಾಯವಾದೀತು. ಮಾರುಕಟ್ಟೆಯ ಧಾರಣೆ ಕುಸಿದಾಗ ಆ ಪೆಟ್ಟು ಮೊದಲು ಬೀಳುವುದು ಕಂಪನಿಯ ಮೇಲೆ. ೨೦೦೬ರಲ್ಲಿ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ, ೨೦೨೦ರಲ್ಲಿ ಕೊರೋನಾದ ಸುಳ್ಳು ವದಂತಿ ಹಬ್ಬಿದಾಗ, ಸ್ವಂತ ಬಂಡವಾಳ ಹೂಡಿ ಒಂಟಿಯಾಗಿ ಕೋಳಿ ಸಾಕಿದವನು ನೆಲಕಚ್ಚಿದನು. ಆದುದರಿಂದ ಒಬ್ಬೊಬ್ಬರೇ ಕರಾರನ್ನು ಹರಿದೊಗೆಯಿರೆಂದು ನಾವು ಹೇಳುವುದಿಲ್ಲ. ಕಂಪನಿ ಹೊರುವ ಆ ಹೊರೆಯನ್ನು ಹೊರಬಲ್ಲ ಸಂಘವನ್ನು ಮೊದಲು ಕಟ್ಟಿರೆನ್ನುತ್ತೇವೆ.

ಇದು ಬಡವರಿಂದ ಆಗದ ಕೆಲಸವಲ್ಲ. ಮಧ್ಯಪ್ರದೇಶದ ಕೇಸ್ಲಾ ಭಾಗದ ಆದಿವಾಸಿ ಹೆಣ್ಣುಮಕ್ಕಳು ‘ಪ್ರದಾನ್’ ಎಂಬ ಸೇವಾಸಂಸ್ಥೆಯ ನೆರವಿನಿಂದ ಇಂಥ ಸಂಘವನ್ನು ಕಟ್ಟಿ ತೋರಿಸಿದ್ದಾರೆ. ಮನೆಯ ಬಳಿಯ ಸಣ್ಣ ಶೆಡ್ಡಿನಲ್ಲಿ ಒಬ್ಬೊಬ್ಬಳು ಕೆಲವು ನೂರು ಕೋಳಿಗಳನ್ನಷ್ಟೇ ಸಾಕುತ್ತಾಳೆ. ಮರಿ, ಆಹಾರಗಳನ್ನು ಒದಗಿಸುವುದೂ, ಬೆಳೆದ ಕೋಳಿಯನ್ನು ಮಾರುವುದೂ ಸಂಘದ ಹೊಣೆ. ಧಾರಣೆಯ ಏರಿಳಿತವನ್ನು ಸಂಘವು ಹೊರುತ್ತದೆ. ಸಾಕಿದವಳಿಗೆ ಅವಳ ಸಾಕಣೆಯ ಗುಣಕ್ಕೆ ತಕ್ಕ ಹಣ ಸಲ್ಲುತ್ತದೆ.

ಗಡಿನಾಡಿಗರಾದ ನಮಗೆ ಇನ್ನೊಂದು ಅನುಕೂಲವುಂಟು. ೨೦೦೨ರ ಬಹುರಾಜ್ಯ ಸಹಕಾರ ಸಂಘಗಳ ಕಾಯಿದೆಯಂತೆ ಒಂದೊಂದು ರಾಜ್ಯದಿಂದ ಕನಿಷ್ಠ ೫೦ ಮಂದಿ ಕೂಡಿದರೆ ಎರಡು ರಾಜ್ಯಗಳಿಗೂ ಸಲ್ಲುವ ಒಂದೇ ಸಂಘವನ್ನು ನೋಂದಾಯಿಸಬಹುದು. ಜತ್ತದ ೫೦ ಮಂದಿ, ಅಥಣಿಯ ೫೦ ಮಂದಿ. ಅಕ್ಕಲಕೋಟೆಯ ೫೦ ಮಂದಿ, ಆಳಂದದ ೫೦ ಮಂದಿ. ನಕಾಶೆಯು ಬೇರ್ಪಡಿಸಿದ ಕೈಗಳನ್ನು ಕೂಡಿಸಲು ಯಾವ ಆಯೋಗದ ಅಪ್ಪಣೆಯೂ ಬೇಕಿಲ್ಲ.

ಕೋಳಿ ಸಾಕಣೆಯ ಖರ್ಚಿನ ಮೂರರಲ್ಲಿ ಸುಮಾರು ಎರಡು ಪಾಲು ಆಹಾರಕ್ಕೇ ಹೋಗುತ್ತದೆ. ಆ ಆಹಾರದ ಮುಖ್ಯ ಧಾನ್ಯ ಮೆಕ್ಕೆಜೋಳ. ಕೋಳಿ ಸಾಕಲೊಲ್ಲದವನು ಮೆಕ್ಕೆಜೋಳ ಬೆಳೆದು ಸಂಘಕ್ಕೆ ಕೊಡಲಿ, ಅವನೂ ಪಾಲುದಾರನೇ. ನೆರೆಯ ಮರಾಠಿ ರೈತನೂ ಬರಲಿ. ಅವನ ಕಷ್ಟ ನಮ್ಮದಕ್ಕಿಂತ ಬೇರೆಯಲ್ಲ. ಆದರೆ ನಿಯಮಾವಳಿಯ ಕನ್ನಡ ಪ್ರತಿಯೊಂದು ಕನ್ನಡಿಗ ಸದಸ್ಯರೆಲ್ಲರ ಕೈಯಲ್ಲಿರಬೇಕು; ತಕ್ಕಡಿ ಎಲ್ಲರ ಕಣ್ಣೆದುರು ತೂಗಬೇಕು; ಲಾಭ ಬಂದ ವರ್ಷ ಅದೆಲ್ಲವನ್ನೂ ಹಂಚಿಕೊಳ್ಳದೆ, ಧಾರಣೆ ಕುಸಿಯುವ ದಿನಕ್ಕೆಂದು ಆಪದ್ಧನವನ್ನು ಕೂಡಿಡಬೇಕು. ಈ ಮೂರು ಇಲ್ಲದ ಸಂಘವು ಹೊಸ ಹೆಸರಿನ ಹಳೆಯ ಸಾಹುಕಾರನಷ್ಟೆ.

೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ಅಂದು ಆ ಹಳ್ಳಿಯೂ ಮುಂಬಯಿ ಇಲಾಖೆಯಲ್ಲಿತ್ತು. ಕನ್ನಡಕ್ಕೊಂದು ರಾಜ್ಯವೇ ಇರಲಿಲ್ಲ. ರಾಜ್ಯವಿಲ್ಲದ ಕಾಲದಲ್ಲಿ ಕನ್ನಡ ರೈತರು ಮಾಡಿದ್ದನ್ನು ರಾಜ್ಯದ ಹೊರಗಿರುವ ನಾವು ಮಾಡಲಾರೆವೆ? ಬರುವ ಸಂತೆಯ ದಿನ ಹತ್ತು ಮನೆಗಳವರು ಒಂದೆಡೆ ಕುಳಿತು ಈ ಮಾತನ್ನು ಆಡಿರಿ. ಸಂಘದ ಮೊದಲ ಸಭೆ ಅದೇ.