ಬೇರಿಲ್ಲದ ಹಲ್ಲಿಗೆ ಕನ್ನಡದಲ್ಲಿ ಹೆಸರಿಲ್ಲವೇ?

ಶೃಂಗೇರಿ ಸೀಮೆಯಲ್ಲಿ ಯಾರದಾದರೂ ಹಲ್ಲು ಅಲುಗಾಡಿದರೆ ಅಪರಾಧಿ ಯಾರೆಂದು ಕೇಳಬೇಕಾಗಿಲ್ಲ. ಎಲೆ ಅಡಿಕೆ! ಹೊಗೆಸೊಪ್ಪೂ ಸೇರಿದ್ದರೆ ಆ ದೂರು ಸುಳ್ಳೂ ಅಲ್ಲ. ಆದರೆ ಅಡಿಕೆಯನ್ನು ಬಾಯಿಗೇ ಹಾಕದ ಹನ್ನೆರಡರ ಹುಡುಗಿಯ ಹಲ್ಲು ಹುಳುಕಿಲ್ಲದೆ, ಏಟು ಬೀಳದೆ ಸಡಿಲವಾದರೆ?

ಅಂಥದೊಂದು ರೋಗವಿದೆ. ಲಕ್ಷಕ್ಕೊಬ್ಬರಿಗೆ ಎಂಬುದು ದಂತವೈದ್ಯರ ಅಂದಾಜು. ಹಲ್ಲಿನ ಹೊರಪದರ ಎನಾಮೆಲ್, ಅದರೊಳಗಿನದು ಡೆಂಟಿನ್. ಆನೆಯ ದಂತ ಬಹುಪಾಲು ಇದೇ ವಸ್ತು. ಹಲ್ಲು ಮೂಡುವಾಗಲೇ ಈ ಡೆಂಟಿನ್ ಅಡ್ಡಾದಿಡ್ಡಿಯಾಗಿ ಬೆಳೆಯುತ್ತದೆ. ಇದರಲ್ಲಿ ಎರಡು ಬಗೆ. ಮೊದಲ ಬಗೆಯಲ್ಲಿ ಹಲ್ಲು ಮೇಲೆ ನೋಡಲು ಚೆಂದ, ಕೆಳಗೆ ಬೇರು ಮಾತ್ರ ಗಿಡ್ಡ, ಕೆಲವೊಮ್ಮೆ ಇಲ್ಲವೇ ಇಲ್ಲ. ಎಕ್ಸ್‌ರೇ ತೆಗೆಯದೆ ಗೊತ್ತಾಗುವುದಿಲ್ಲ. ತಾಯಿಗೋ ತಂದೆಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಹಲ್ಲಿನ ಒಳನಾಳ ಮುಚ್ಚಿಹೋಗಿರುವುದರಿಂದ ರೂಟ್ ಕೆನಾಲ್ ಮಾಡುವುದು ಬಲು ಕಷ್ಟ. ತಂತಿ ಬಿಗಿಸುವ ಮುನ್ನ ಎರಡು ಸಲ ಯೋಚಿಸಬೇಕು. ಬೇಗ ತಿಳಿದರೆ, ಬಾಯಿ ಶುಚಿಯಾಗಿಟ್ಟು ಆಗಾಗ ತೋರಿಸುತ್ತಿದ್ದರೆ, ಹಲ್ಲುಗಳನ್ನು ಇನ್ನಷ್ಟು ವರ್ಷ ಉಳಿಸಿಕೊಳ್ಳಬಹುದು. ದವಡೆಯ ಬೆಳವಣಿಗೆ ಮುಗಿದ ಮೇಲೆ ಕೃತಕ ಹಲ್ಲು ನೆಡುವ ದಾರಿಯೂ ಇದೆ.

ನೋಡಿದಿರಾ, ಇಷ್ಟೂ ಕನ್ನಡದಲ್ಲೇ ಹೇಳಿದೆವು. ನಾಲಿಗೆಯೇನೂ ತೊಡರಲಿಲ್ಲ!

ಆದರೆ ಆಗುಂಬೆ ಘಾಟಿ ಇಳಿದು ದೊಡ್ಡ ಆಸ್ಪತ್ರೆಗೆ ಹೋಗುವ ಮಲೆನಾಡಿನ ತಾಯಿಯ ಕೈಗೆ ಸಿಗುವುದು 'ಡೆಂಟಿನ್ ಡಿಸ್‌ಪ್ಲೇಸಿಯಾ' ಎಂದು ಇಂಗ್ಲಿಷಿನಲ್ಲಿ ಬರೆದ ಚೀಟಿ, ಓದಲಾಗದೆ ಸಹಿ ಹಾಕುವ ಒಪ್ಪಿಗೆ ಪತ್ರ. ಎರಡನೆಯ ಮಗುವಿಗೂ ಎಕ್ಸ್‌ರೇ ತೆಗೆಸಬೇಕೆಂಬ ಮಾತು ಆ ಚೀಟಿಯಲ್ಲೇ ಉಳಿದುಬಿಡುತ್ತದೆ. ಇದು ಭಾಷೆಯ ಪ್ರಶ್ನೆಯಲ್ಲ ಎನ್ನುವವರು ಆ ತಾಯಿಯ ಮುಂದೆ ಬಂದು ಹೇಳಲಿ.

ತಮಾಷೆ ಕೇಳಿ. ೧೯೨೦ರಲ್ಲಿ ಬಾಲ್‌ಶ್ಮೀಡೆ ಎಂಬಾತ ಈ ರೋಗವನ್ನು ಮೊದಲು ಗುರುತಿಸಿದಾಗ ಇಟ್ಟ ಹೆಸರು 'ಬೇರಿಲ್ಲದ ಹಲ್ಲು' ಎಂದೇ. ಗ್ರೀಕ್-ಲ್ಯಾಟಿನ್ ಅಂಗಿ ತೊಡಿಸಿದ್ದು ೧೯೩೯ರಲ್ಲಿ ರಶ್ಟನ್. ಅವರಿಗೆ ನಾಚಿಕೆಯಾಗದ ಸರಳ ಮಾತು ನಮ್ಮ ಡಾಕ್ಟರುಗಳಿಗೆ ಯಾಕೆ ಕೀಳು? ವಿಜ್ಞಾನವನ್ನು ಕನ್ನಡದಲ್ಲೇ ಕಲಿಸಬೇಕೆಂದು ಹಟ ಹಿಡಿದ ಕುವೆಂಪು ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ.

ಬೆಂಗಳೂರಿನಲ್ಲಿರುವ ಕನ್ನಡದ ಯುವಕ ಯುವತಿಯರೇ, ಬೋರ್ಡಿಗೆ ಮಸಿ ಬಳಿದರೆ ಸಾಲದು. ನಿಮ್ಮಲ್ಲಿ ದಂತ ಕಾಲೇಜಿನಲ್ಲಿ ಓದುತ್ತಿರುವವರಿದ್ದೀರಿ. ರೋಗಿಯ ಚೀಟಿಯ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಉಳಿದವರು, ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡುವ ತನಕ ಸಹಿ ಹಾಕಬೇಡಿರೆಂದು ಊರಿನಲ್ಲಿರುವ ಅಪ್ಪ ಅಮ್ಮನಿಗೆ ಈ ವಾರವೇ ಫೋನ್ ಮಾಡಿ ಹೇಳಿ.