ಬಾಣಂತಿಯ ಸಂಕಟಕ್ಕೆ ಭಾಷೆ ಯಾವುದು?

ಕಡಲೆಕಾಯಿ ಎಲೆ ಹಳದಿ ತಿರುಗಿದರೆ ನಾವು ಮಡಕಶಿರಾ ಸೀಮೆಯ ರೈತರು ಕೂಡಲೇ ಫೋಟೋ ಹೊಡೆದು ಔಷಧಿ ಅಂಗಡಿಗೆ ವಾಟ್ಸಾಪ್ ಮಾಡುತ್ತೇವೆ. ಅದೇ ಮನೆಯಲ್ಲಿ ಬಾಣಂತಿ ನಿದ್ದೆಗೆಟ್ಟು ಅಳುತ್ತಿದ್ದರೆ 'ದೃಷ್ಟಿ ಆಗೈತೆ, ಬಿಡು' ಅಂತೀವಿ.

ಇದೇನು ಅಪರೂಪದ ಕಾಯಿಲೆಯಲ್ಲ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ, ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಖಿನ್ನತೆ. ಹೆತ್ತ ಮೊದಲ ದಿನಗಳಲ್ಲಿ ಕಣ್ಣೀರು ಬರುವುದು ಸಹಜ. ಎರಡು ವಾರ ದಾಟಿದರೂ ನಿಲ್ಲದಿದ್ದರೆ ವೈದ್ಯರನ್ನು ಕೇಳಬೇಕು. ಇಲ್ಲದ ದನಿ ಕೇಳಿಸುತ್ತದೆ, ಮಗು ತನ್ನದಲ್ಲ ಎನ್ನುತ್ತಾಳೆ ಎಂದರೆ ಅದು ಹಿರಿಯರು ಹೇಳುತ್ತಿದ್ದ ಬಾಣಂತಿ ಸನ್ನಿ. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಒಟ್ಟಿಗೇ ಇದ್ದು ಚಿಕಿತ್ಸೆ ಪಡೆಯುವ ವಾರ್ಡು 2009ರಿಂದಲೇ ಇದೆ.

ಅಷ್ಟು ದೂರ ಹೋಗುವ ಮೊದಲು ಕೈಯಲ್ಲಿ ಫೋನು ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಒತ್ತಿದರೆ ಹಗಲು ರಾತ್ರಿ ಎನ್ನದೆ, ಕಾಸಿಲ್ಲದೆ ಮಾತಾಡಬಹುದು.

ಆದರೆ ಗಡಿಯವರ ತೊಡಕೇ ಬೇರೆ. ನಾವು ಹೆಣ್ಣು ಕೊಡುವುದು ಶಿರಾ, ಮಧುಗಿರಿ, ಪಾವಗಡಕ್ಕೆ. ಚೊಚ್ಚಲ ಹೆರಿಗೆ ಮಾತ್ರ ತವರಿನಲ್ಲಿ. ಬಸುರಿಯಲ್ಲಿ ಅವಳನ್ನು ನೋಡಿಕೊಂಡ ಆಶಾ ಕಾರ್ಯಕರ್ತೆ ಕರ್ನಾಟಕದಲ್ಲಿ, ಬಾಣಂತನ ಆಂಧ್ರದಲ್ಲಿ. ಮನಸ್ಸು ಕೆಡುವ ಹೊತ್ತಿಗೆ ಅವಳ ಗುರುತು ಹಿಡಿಯುವವರೇ ಇರುವುದಿಲ್ಲ. ಟೆಲಿ-ಮಾನಸ್‌ನಲ್ಲಿ 20 ಭಾಷೆಗಳಿವೆ ನಿಜ, ಆದರೆ ಅವು ಆಯಾ ರಾಜ್ಯ ಆರಿಸಿಕೊಂಡಂತೆ. ತೆಲುಗು ಶಾಲೆಯಲ್ಲಿ ಓದಿದ ನಮ್ಮ ಹುಡುಗಿಯೂ ಅಳುವುದು ಕನ್ನಡದಲ್ಲೇ. ಸಂತೆಗೆ ತೆಲುಗು ಸಾಕು, ಸಂಕಟಕ್ಕೆ ಅವ್ವನ ಮಾತೇ ಬೇಕು. ಪಾವಗಡದ ತೆಲುಗು ಮನೆಯ ಬಾಲಿಂತಳಿಗೂ ಇದೇ ನ್ಯಾಯ.

ಹೀಗಾಗಿ ಎರಡೂ ಸರ್ಕಾರಗಳು ಗಡಿ ತಾಲ್ಲೂಕುಗಳ ಕರೆಗೆ ಕನ್ನಡ, ತೆಲುಗು ಎರಡನ್ನೂ ಖಾತ್ರಿ ಮಾಡಬೇಕು. ಬಸುರಿಯ ವಿವರ ತವರೂರಿನ ಆಶಾ ಕಾರ್ಯಕರ್ತೆಯ ಫೋನಿಗೂ ಬರಬೇಕು.

ನಾವು ಮಾಡಬೇಕಾದದ್ದೂ ಒಂದಿದೆ. ಮನೆಯ ಫೋನು ಗಂಡಸರ ಜೇಬಿನಲ್ಲಿರುತ್ತದೆ. ಸ್ಪೀಕರ್ ಹಾಕಿ ಅತ್ತೆ ಪಕ್ಕದಲ್ಲೇ ಕೂತರೆ ಆ ಹುಡುಗಿ 'ಚೆನ್ನಾಗಿದ್ದೀನಿ' ಅಂತಲೇ ಹೇಳುತ್ತಾಳೆ. ಫೋನು ಅವಳ ಕೈಗೆ ಕೊಟ್ಟು, ಅರ್ಧ ಗಂಟೆ ಮಗುವನ್ನು ಎತ್ತಿಕೊಂಡು ಜಗಲಿಗೆ ಬನ್ನಿ. ಅದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ.